ಹಗ್ಗ ಹಿಡಿದವನ ಪಾಲು

"ಹಗ್ಗ ಹಿಡುಕೂ ದುಡ್ಡ್ ಕೊಡ್ಕಾ?"

ಅಪ್ಪಯ್ಯ ಕೇಳಿದ್ದು ನನ್ನನ್ನು. ಉತ್ತರ ಹೇಳಬೇಕಾಗಿದ್ದ ಬಲೆಯ ಚೇಟ (ಮಲಯಾಳದಲ್ಲಿ ಅಣ್ಣ ಎಂದು) ಎದುರಿಗೇ ನಿಂತು ನಗುತ್ತಿದ್ದ. ಮಡಚಿ ಕಟ್ಟಿದ ಲುಂಗಿ, ತಲೆಗೊಂದು ತೋರ್ತು, ಬೆರಳಿನ ಗೆಣ್ಣುಗಳಲ್ಲಿ ಉಪ್ಪಿನ ಬಿಳುಪು. ಆತನ ಬೆನ್ನ ಹಿಂದೆ ಫೋರ್ಟ್ ಕೊಚ್ಚಿಯ ಚೀನಾ ಬಲೆ, ಮೂರು ಮಾಳಿಗೆಯಷ್ಟು ಎತ್ತರಕ್ಕೆ, ರೆಕ್ಕೆ ಒಣಗಿಸಿಕೊಳ್ಳುತ್ತಿರುವ ದೊಡ್ಡ ಕೊಕ್ಕರೆಯ ಹಾಗೆ ನಿಂತಿತ್ತು. "ಇಷ್ಟಮುಳ್ಳದು" ಎಂದ ಚೇಟ. ಇಷ್ಟವಿದ್ದಷ್ಟು ಕೊಡಿ ಎಂದರ್ಥ. ಈ ದೇಶದ ಯಾವ ಪ್ರೇಕ್ಷಣೀಯ ಸ್ಥಳದಲ್ಲೇ ಆಗಲಿ, 'ಇಷ್ಟವಿದ್ದಷ್ಟು' ಎನ್ನುವುದಕ್ಕಿಂತ ದುಬಾರಿ ದರ ಬೇರೆ ಇಲ್ಲ. ಅಪ್ಪಯ್ಯನಿಗೆ ಮಾತ್ರ ಹಣದ ಚಿಂತೆ ಇರಲಿಲ್ಲ. ಅವರ ತಕರಾರೇ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ನಾವು ಕೊಚ್ಚಿಯ ಕಾಕ್ಕನಾಡಿನಲ್ಲಿ ಮನೆ ಮಾಡಿ ಆರು ವರ್ಷವಾಯಿತು. ಅಷ್ಟು ವರ್ಷದಲ್ಲಿ ಈ ಬಲೆಗಳನ್ನು ಸರಿಯಾಗಿ ನೋಡಿದ್ದೇ ಇಲ್ಲ ಎಂದರೆ ನಂಬುವುದು ಕಷ್ಟ. ಕ್ಯಾಲೆಂಡರಿನಲ್ಲಿ, ಹೋಟೆಲಿನ ಗೋಡೆಯಲ್ಲಿ, ಪ್ರವಾಸೋದ್ಯಮದ ಜಾಹೀರಾತಿನಲ್ಲಿ, ಫ್ರಿಜ್ಜಿಗೆ ಅಂಟಿಸುವ ಗೊಂಬೆಯಲ್ಲಿ ದಿನಕ್ಕೆ ನಾಲ್ಕು ಸಲ ಕಾಣುವ ವಸ್ತುವನ್ನು ನೋಡಲೆಂದು ಯಾರು ಹೊರಡುತ್ತಾರೆ? ಊರಿಂದ ನೆಂಟರು ಬರಬೇಕು. ಅಪ್ಪಯ್ಯ, ಅಮ್ಮ ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿದರು. ಮಗನಿಗೆ ಕ್ರಿಸ್‌ಮಸ್ ರಜೆ. ಶನಿವಾರ ಬೆಳಿಗ್ಗೆ ಐದು ಜನ ಹೊರಟೆವು. ಐದನೆಯವರು ನಮ್ಮ ಯಜಮಾನರು. ಮಂಡ್ಯದ ಕಡೆಯವರಾದ್ದರಿಂದ ನೀರು ಎಂದರೆ ಅವರಿಗೆ ನಾಲೆ, ಮೀನು ಎಂದರೆ ಕೆರೆಯದ್ದು.

ಹೈಕೋರ್ಟ್ ನಿಲ್ದಾಣದಿಂದ ವಾಟರ್ ಮೆಟ್ರೊ ಹತ್ತಿದೆವು. ತಲೆಗೆ ನಲವತ್ತು ರೂಪಾಯಿ. ಕೊಚ್ಚಿ ಶಿಪ್‌ಯಾರ್ಡಿನಲ್ಲೇ ಕಟ್ಟಿದ, ಬ್ಯಾಟರಿಯಲ್ಲಿ ಓಡುವ ಈ ದೋಣಿಗಳ ಸೇವೆ 2023ರ ಏಪ್ರಿಲ್‌ನಲ್ಲಿ ಶುರುವಾಯಿತು. ಫೋರ್ಟ್ ಕೊಚ್ಚಿಗೆ ಬಂದದ್ದು ಮರುವರ್ಷ. ಗಾಜಿನ ಕಿಟಕಿ, ಎಸಿ, ಅಲುಗಾಡದ ಸೀಟು. ಸಮುದ್ರದ ಮಗ್ಗುಲಲ್ಲಿ ಹುಟ್ಟಿದ ಅಪ್ಪಯ್ಯನಿಗೆ ಇದು ದೋಣಿ ಎಂದು ಅನ್ನಿಸಲೇ ಇಲ್ಲ. "ಬ್ಯಾಂಕಿನೊಳ್ಗ್ ಕೂತಂಗ್ ಆತ್ತ್" ಎಂದರು. ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ, ಬಲಕ್ಕೆ ವಲ್ಲಾರ್‌ಪಾಡಂನ ಕಂಟೇನರ್ ಕ್ರೇನುಗಳು. ಆ ದ್ವೀಪ ದೇವರು ಮಾಡಿದ್ದಲ್ಲ ಎಂದು ಮಗನಿಗೆ ಹೇಳಿದೆ. 1920ರಲ್ಲಿ ಇಲ್ಲಿಗೆ ಬಂದ ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರ್, ಅಳಿವೆಗೆ ಅಡ್ಡ ಬಿದ್ದಿದ್ದ ಮರಳ ದಿಬ್ಬವನ್ನು ಕತ್ತರಿಸಿ ದೊಡ್ಡ ಹಡಗುಗಳಿಗೆ ದಾರಿ ಮಾಡಿದ. ಹೂಳೆತ್ತಿದ ಮಣ್ಣನ್ನು ರಾಶಿ ಹಾಕಿದ್ದೇ ದ್ವೀಪವಾಯಿತು. ಮಗ ಕಿಟಕಿಯಾಚೆ ಡಾಲ್ಫಿನ್ ಹುಡುಕುವುದರಲ್ಲಿ ಮುಳುಗಿದ್ದ. ಅಪ್ಪಯ್ಯ ಮಾತ್ರ ಕಿವಿಗೊಟ್ಟರು. ಅಳಿವೆ ಎಂದ ಕೂಡಲೇ ಅವರ ಬೆನ್ನು ನೆಟ್ಟಗಾಗುತ್ತದೆ. ಅವರ ಊರು ಗಂಗೊಳ್ಳಿಯ ಹತ್ತಿರ. ಐದು ಹೊಳೆ ಸೇರಿ ಕಡಲಿಗೆ ಬೀಳುವ ಜಾಗ ಅದು.

ಇಳಿದು ಐದು ನಿಮಿಷ ನಡೆದರೆ ಸಾಲಾಗಿ ಬಲೆಗಳು. ಎಣಿಸಿದರೆ ಎರಡು ಕೈ ಬೆರಳು ದಾಟುವುದಿಲ್ಲ. ಹಿಂದೆ ಇನ್ನೂ ಹೆಚ್ಚಿದ್ದವು ಎಂದು ಅಲ್ಲಿಯ ಎಲ್ಲರೂ ಹೇಳುತ್ತಾರೆ. ದಡದ ಉದ್ದಕ್ಕೂ ಬಲೂನು, ಸೋಡಾ, ಮುತ್ತಿನ ಸರ, ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ. ಹಳೆಯ ಉಗಿಯಂತ್ರದ ಬಾಯ್ಲರುಗಳೆರಡು ತುಕ್ಕು ಹಿಡಿದು ಬಿದ್ದುಕೊಂಡು ಫೋಟೊಗೆ ಒದಗುತ್ತವೆ. ನಮ್ಮ ಜಾತ್ರೆಯ ಗದ್ದೆಯ ಹಾಗೇ ಇದೆ, ತೇರು ಮಾತ್ರ ನೀರಿನ ಮೇಲೆ.

ಬಲೆ ಯಾರು ತಂದದ್ದು ಎಂಬುದಕ್ಕೆ ಗೈಡುಗಳ ಬಳಿ ಸಿದ್ಧ ಉತ್ತರವಿದೆ: ಕುಬ್ಲಾಯಿ ಖಾನನ ಆಸ್ಥಾನದಿಂದ ಬಂದ ಚೀನೀ ವರ್ತಕರು. ಕುಬ್ಲಾಯಿ ಸತ್ತದ್ದು 1294ರಲ್ಲಿ. 1341ರಲ್ಲಿ ಪೆರಿಯಾರ್ ಉಕ್ಕಿ ಹರಿದು, ಹಳೆಯ ಮುಜಿರಿಸ್ ಬಂದರಿನ ಕಡೆ ಹೂಳು ತುಂಬಿ, ಕೊಚ್ಚಿಯ ಅಳಿವೆ ದೊಡ್ಡದಾಗಿ ತೆರೆದುಕೊಂಡಿತು ಎನ್ನುತ್ತಾರೆ. ಅಂದರೆ ಖಾನನ ಕಾಲಕ್ಕೆ ಈ ಜಾಗ ಬಲೆ ಹೂಡುವ ಬಂದರೇ ಆಗಿರಲಿಲ್ಲ. ಇನ್ನು ಕೆಲವರು ಜೆಂಗ್ ಹೆ ಎಂಬ ಚೀನೀ ನೌಕಾಧಿಪತಿಯ ಹೆಸರು ಹೇಳುತ್ತಾರೆ. 1405ರಿಂದ 1433ರವರೆಗೆ ಏಳು ಸಲ ಯಾನ ಮಾಡಿದ ಆತನ ಹಡಗುಗಳು ಕೊಚ್ಚಿಗೆ ಬಂದದ್ದು ನಿಜ. ಮೂರನೆಯ ವಾದ ನನಗೆ ಹೆಚ್ಚು ಹಿಡಿಸುತ್ತದೆ: ಮಕಾವುವಿನಲ್ಲಿ ನೆಲೆ ಮಾಡಿಕೊಂಡಿದ್ದ ಪೋರ್ಚುಗೀಸರು ಅಲ್ಲಿ ಕಂಡ ಬಲೆಯನ್ನು ಇಲ್ಲಿಗೆ ತಂದರು ಎಂಬುದು. ಹಾಗಾದರೆ ಚೀನಾದ ಬಲೆ ಯುರೋಪಿನವರ ಕೈಯಿಂದ ಮಲಯಾಳಿಗಳಿಗೆ ಸಿಕ್ಕಿತು. ಹಸಿ ಮೆಣಸಿನಕಾಯಿ ನಮಗೆ ಸಿಕ್ಕಿದ್ದೂ ಹೀಗೇ ಅಲ್ಲವೇ, ಎಲ್ಲಿಯದೋ ಬೆಳೆ, ಯಾರದೋ ಹಡಗು.

ಬಲೆಯ ಒಳಗುಟ್ಟು ತಿಳಿಯಲು ಹಿಂಭಾಗಕ್ಕೆ ಹೋಗಬೇಕು. ಮುಂದಿನಿಂದ ಕಾಣುವುದು ಚಂದ, ಹಿಂದಿನಿಂದ ಕಾಣುವುದು ಲೆಕ್ಕ. ತೇಗದ ದಪ್ಪ ದಿಮ್ಮಿಯೊಂದು ಏತದ ಹಾಗೆ ಆಸರೆಯ ಮೇಲೆ ಕೂತಿರುತ್ತದೆ. ಮುಂದಿನ ತುದಿಗೆ ನಾಲ್ಕು ಗಳುಗಳು ಬಿಚ್ಚಿಕೊಂಡು ಅವುಗಳ ತುದಿಗಳಿಗೆ ಬಲೆಯ ನಾಲ್ಕು ಮೂಲೆ ಕಟ್ಟಿರುತ್ತಾರೆ. ಹಿಂದಿನ ತುದಿಯಿಂದ ಹಗ್ಗಗಳು ಇಳಿಬಿದ್ದಿರುತ್ತವೆ, ಒಂದೊಂದರಲ್ಲೂ ತೆಂಗಿನಕಾಯಿಗಿಂತ ದೊಡ್ಡ ಕಲ್ಲುಗಳು, ಒಂದರ ಕೆಳಗೊಂದು, ಮಾಲೆಯ ಹಾಗೆ. ಬಲೆ ನೀರಿನಲ್ಲಿದ್ದಾಗ ಕಲ್ಲುಗಳು ಗಾಳಿಯಲ್ಲಿ. ಬಲೆ ಏಳುತ್ತ ಬಂದಂತೆ ಕಲ್ಲುಗಳು ಒಂದೊಂದಾಗಿ ಹಲಗೆಯ ಮೇಲೆ ಕೂರುತ್ತವೆ. ಒಂದು ಕಲ್ಲು ಕೂತಿತೆಂದರೆ ಅಷ್ಟು ತೂಕ ಕಳೆಯಿತು. ಏತ ಎಷ್ಟು ವಾಲಿತು, ಇನ್ನೆಷ್ಟು ತೂಕ ಬೇಕು ಎಂಬುದನ್ನು ಕಲ್ಲುಗಳೇ ನೋಡಿಕೊಳ್ಳುತ್ತವೆ. ಬಲೆ ಇಳಿಸುವುದು ಇನ್ನೂ ಸೋಜಿಗ. ಒಬ್ಬ ಬರಿಗಾಲಲ್ಲಿ ದಿಮ್ಮಿಯ ಮೇಲೆ ಮುಂದಕ್ಕೆ ನಡೆಯುತ್ತಾನೆ, ಅಷ್ಟೆ. ಆತನ ಮೈಭಾರಕ್ಕೆ ಇಡೀ ಯಂತ್ರ ತಲೆ ಬಾಗಿಸುತ್ತದೆ. ಒಬ್ಬ ಮನುಷ್ಯನ ತೂಕಕ್ಕೆ ಸರಿಯಾಗಿ ತಾಳೆ ಹಾಕಿ ಕಟ್ಟಿದ್ದಾರೆ.

ಏತ ಎಂದರೆ ಮಂಡ್ಯದವರಿಗೆ ಅರ್ಥವಾಗದೆ ಇರುತ್ತದೆಯೇ. "ನಮ್ಮ ತಾತನ ತೋಟದಲ್ಲೂ ಹಿಂಗೇ ಕಣೇ, ಮೇಲೆ ನಡೀತಿದ್ರು" ಎಂದರು ಯಜಮಾನರು. ಬೆಳಗಿನಿಂದ ಅವರು ಆಡಿದ ಮೊದಲ ಪೂರ್ತಿ ವಾಕ್ಯ ಅದು. ಇದೇ ತತ್ವದ ಬಲೆಗಳು ಇಟಲಿಯ ಆಡ್ರಿಯಾಟಿಕ್ ತೀರದಲ್ಲೂ ಇವೆ. ಅಲ್ಲಿ ಅವಕ್ಕೆ ಟ್ರಬೋಕೊ ಎನ್ನುತ್ತಾರೆ. ಅವುಗಳಲ್ಲಿ ಹಲವು ಈಗ ಊಟದ ಹೋಟೆಲುಗಳಾಗಿವೆಯಂತೆ, ನೀರಿನ ಮೇಲೆ ಕೂತು ಬೇರೆಲ್ಲೋ ಹಿಡಿದ ಮೀನು ತಿನ್ನಬಹುದು. ಫೋರ್ಟ್ ಕೊಚ್ಚಿ ಅಷ್ಟು ದೂರ ಹೋಗಿಲ್ಲ, ದಾರಿ ಮಾತ್ರ ಅದೇ. ಹೂಳು, ದೊಡ್ಡ ಹಡಗುಗಳ ಓಡಾಟ, ಮಳೆಗಾಲ ಮುಗಿಯುವ ಹೊತ್ತಿಗೆ ಹಿನ್ನೀರಿಂದ ರಾಶಿರಾಶಿ ತೇಲಿ ಬಂದು ಬಲೆ ಹರಿಯುವ ಅಂತರಗಂಗೆ, ವರ್ಷವಿಡೀ ಪ್ಲಾಸ್ಟಿಕ್. ತೇಗದ ಬೆಲೆ ಕೈಗೆಟುಕದೆ ಕೆಲವು ಬಲೆಗಳಿಗೆ ಕಬ್ಬಿಣದ ಕೊಳವೆ ಬಂದಿದೆ. ಫೋಟೊ ತೆಗೆಯುವವರು ಅವುಗಳನ್ನು ಬಿಟ್ಟು ಮರದ್ದರ ಮುಂದೆ ನಿಲ್ಲುತ್ತಾರೆ. ಕಬ್ಬಿಣದ್ದಕ್ಕೂ ಅದೇ ಮೀನು ಬೀಳುತ್ತದೆ, ಕಾಸು ಮಾತ್ರ ಬೀಳುವುದಿಲ್ಲ.

ಈಗ ಅಪ್ಪಯ್ಯನ ತಕರಾರಿಗೆ ಬರುತ್ತೇನೆ.

ಅವರು ಹತ್ತು ವರ್ಷದ ಹುಡುಗನಾಗಿದ್ದಾಗ ನಮ್ಮ ಕಡಲ ದಂಡೆಯಲ್ಲಿ ರಂಪಣಿಯ ಕಾಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರಂಪಣಿ ಎಂದರೆ ದಡದಿಂದ ಎಳೆಯುವ ಭಾರೀ ಬಲೆ. ಒಂದು ತುದಿ ದಡದಲ್ಲಿ ಬಿಟ್ಟು, ದೋಣಿಯಲ್ಲಿ ಬಲೆ ಹೇರಿಕೊಂಡು, ಬಂಗುಡೆಯ ಹಿಂಡನ್ನು ಸುತ್ತಿ ಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಕಡೆಯಿಂದಲೂ ಎಳೆತ. ಹತ್ತಿಪ್ಪತ್ತು ಜನರ ಕೆಲಸವಲ್ಲ, ಊರೇ ಬೇಕು. ಬಲೆಯ ತುಂಡುಗಳು ಒಬ್ಬೊಬ್ಬರದು ಒಂದೊಂದು, ಹೊಲಿದು ಒಂದು ಮಾಡಿಕೊಂಡದ್ದು. ಮೀನು ಬಿದ್ದ ಮೇಲೆ ದೋಣಿಗೆ ಇಷ್ಟು ಪಾಲು, ಬಲೆಗೆ ಇಷ್ಟು, ಆಳಿಗೆ ಇಷ್ಟು. ಇದರ ಆಚೆಗೆ ಬರೆಯದ ಒಂದು ನಿಯಮವಿತ್ತು ಎನ್ನುತ್ತಾರೆ ಅಪ್ಪಯ್ಯ. ಶಾಲೆ ಬಿಟ್ಟು ಓಡಿ ಬಂದ ಹುಡುಗರಾಗಲಿ, ದಾರಿಹೋಕರಾಗಲಿ, ಹಗ್ಗಕ್ಕೆ ಕೈ ಹಾಕಿದರೋ, ಅವರ ಮನೆಗೆ ಅಂದು ಸಾರಿಗಾಗುವಷ್ಟು ಮೀನು. ಯಾರ ಮನೆಯವನು ಎಂದು ಕೇಳುವುದಿಲ್ಲ. ಹಗ್ಗ ಹಿಡಿದಿದ್ದನೇ ಎಂದಷ್ಟೇ ಕೇಳುವುದು. ಚಡ್ಡಿಯ ಜೇಬಿನಲ್ಲಿ ಬಂಗುಡೆ ತುಂಬಿಕೊಂಡು ಹೋಗಿ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ನಡುಗಡಲಲ್ಲಿ ಸುತ್ತುವರಿದು ಬಾಚಿದವು. ದೊಡ್ಡ ರಂಪಣಿಗಳು ಕೊಟ್ಟಿಗೆಯ ಅಟ್ಟ ಸೇರಿದವು. ಸಣ್ಣ ಕೈರಂಪಣಿ ಅಲ್ಲಲ್ಲಿ ಉಳಿದಿದೆ.

ಹೀಗಿರುವಾಗ ಅವರಿಗೆ ಹಗ್ಗ ಹಿಡಿಯಲು ದುಡ್ಡು ಕೊಡಬೇಕು ಎಂದರೆ ಹೇಗಾಗಬೇಡ! "ಎಳುದೂ ನಾವೇ, ಕೊಡುದೂ ನಾವೇ?" ಎಂದರು. ನಾನು ಹರುಕು ಮಲಯಾಳದಲ್ಲಿ ಚೇಟನಿಗೆ ವಿಷಯ ತಿಳಿಸಿದೆ, ನಮ್ಮ ತಂದೆ ಚಿಕ್ಕಂದಿನಲ್ಲಿ ಬಲೆ ಎಳೆದವರು ಎಂದು. ಚೇಟ ಅಪ್ಪಯ್ಯನ ಅಂಗೈಯನ್ನು ಹಿಡಿದು ತಿರುಗಿಸಿ ನೋಡಿದ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಮೇಷ್ಟ್ರ ಕೈ. ಏನೂ ಹೇಳದೆ ಹಗ್ಗ ಕೊಟ್ಟ.

ಹಲಗೆಯ ಮೇಲೆ ನಾಲ್ವರು ಬಲೆಯವರು, ಅಪ್ಪಯ್ಯ, ಮಗ, ಜೊತೆಗೆ ಕೊಯಮತ್ತೂರಿನಿಂದ ಬಂದಿದ್ದ ಮದುವೆಯ ಹೊಸ ಜೋಡಿ. ಚೇಟ "ವಲಿ... ವಲಿ..." ಎಂದು ತಾಳ ಹಾಕಿದ. ಮಲಯಾಳದಲ್ಲಿ ವಲಿ ಎಂದರೆ ಎಳೆ, ವಲ ಎಂದರೆ ಬಲೆ. ನಮ್ಮ ಬಕಾರಕ್ಕೆ ಅವರದು ವಕಾರ. ಬಲೆ ವಲ, ಬಳೆ ವಳ, ಬೆಲೆ ವಿಲ. ಇಷ್ಟು ಗೊತ್ತಿದ್ದರೆ ಕೊಚ್ಚಿಯಲ್ಲಿ ಅರ್ಧ ಸಂಸಾರ ಸಾಗುತ್ತದೆ. ನಾಲ್ಕನೆಯ ಎಳೆತಕ್ಕೆ ಅಪ್ಪಯ್ಯ ತಮ್ಮ ಗುಟ್ಟು ಬಿಟ್ಟುಕೊಟ್ಟರು. ಎಲ್ಲರೂ ತೋಳಿನಿಂದ ಎಳೆಯುತ್ತಿದ್ದರೆ ಅವರು ಹಿಮ್ಮಡಿ ಊರಿ, ಸೊಂಟ ಹಿಂದಕ್ಕೆ ಬಿಟ್ಟು, ಮೈಯನ್ನೇ ಹಗ್ಗಕ್ಕೆ ತೂಗುಹಾಕಿದರು. ಬಾಯಿಯಿಂದ "ಐಲೇಸಾ" ಹೊರಟಿತು. ಅರುವತ್ತೇಳು ವರ್ಷದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ಅಮ್ಮ ಬ್ಯಾಗಿನಲ್ಲಿ ಮಾತ್ರೆಯ ಡಬ್ಬಿ ತಡಕುತ್ತ, "ಸಾಕ್ ಮರಾಯ್ರೆ, ಬಿಡಿ" ಎಂದು ಕೂಗುತ್ತಿದ್ದರು. ಕಲ್ಲುಗಳು ಒಂದೊಂದಾಗಿ ಬಂದು ಹಲಗೆಗೆ ತಾಗಿದವು. ಟಕ್. ಟಕ್. "ಕಾಣ್ ಮಗಾ, ಕಲ್ಲ್ ಕಾಣ್" ಎಂದರು ಅಪ್ಪಯ್ಯ ಏದುಸಿರಿನಲ್ಲಿ. ಮಗ ನೋಡುತ್ತಿದ್ದದ್ದು ಬಲೆಯನ್ನು. ನೀರು ಸೋರಿ, ಬಲೆ ತೊಟ್ಟಿಲ ಹಾಗೆ ಜೋಲಿ ಆಕಾಶಕ್ಕೆ ಎದ್ದಿತು. ಅದರ ಹೊಟ್ಟೆಯಲ್ಲಿ ಮಿಂಚಿದ್ದು ಒಂದು ಹಿಡಿ ಮೀನು, ಒಂದು ಏಡಿ, ಒಂದು ಚಿಪ್ಸ್ ಪ್ಯಾಕೆಟ್ಟು. ಚೇಟನ ಜೊತೆಯವನೊಬ್ಬ ಉದ್ದ ಕೋಲಿನ ಕೈಬಲೆಯಿಂದ ಬಾಚಿ ತೆಗೆದ. ಪಕ್ಕದ ಗೂಟದ ಮೇಲಿದ್ದ ಬೆಳ್ಳಕ್ಕಿ ಕತ್ತು ಚಾಚಿತು. ಎಲ್ಲಿದ್ದವೋ, ಮೂರು ಬೆಕ್ಕು ಬಂದವು.

"ಇಷ್ಟ್ ದೊಡ್ಡ ಬಲೆ, ಇಷ್ಟೇ ಮೀನಾ?" ಎಂದು ಅಮ್ಮ ಕೇಳಿಯೇಬಿಟ್ಟರು. ಚೇಟನಿಗೆ ಕನ್ನಡ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. ದಿನಕ್ಕೆ ಹತ್ತಾರು ಸಲ ಕೇಳಿಸಿಕೊಳ್ಳುವ ಪ್ರಶ್ನೆಯೇ ಇರಬೇಕು. ಉಬ್ಬರದ ಹೊತ್ತಿಗೆ, ಇಲ್ಲವೇ ರಾತ್ರಿ ಬಲೆಯ ಮೇಲೆ ದೀಪ ಕಟ್ಟಿದಾಗ ಇನ್ನಷ್ಟು ಬೀಳುತ್ತದೆ, ಹಗಲಿನಲ್ಲಿ ಮೀನಿಗಿಂತ ಮನುಷ್ಯರೇ ಹೆಚ್ಚು ಎಂದ. ಹಾಗೆ ಹೇಳಿ ತಾನೇ ನಕ್ಕ. ನನಗೆ ಮೊದಲು ಬೇಸರವೆನಿಸಿತು, ದುಡಿಮೆ ನಾಟಕವಾಯಿತಲ್ಲ ಎಂದು. ಆದರೆ ಅಪ್ಪಯ್ಯನ ಮುಖ ನೋಡಿದರೆ ಅಲ್ಲಿ ನಾಟಕದ ಲಕ್ಷಣವಿರಲಿಲ್ಲ. ಹಗ್ಗ ನಿಜ, ಭಾರ ನಿಜ, ಅಂಗೈ ಕೆಂಪಾದದ್ದೂ ನಿಜ. ರಂಪಣಿ ಅಟ್ಟ ಸೇರಿದಾಗ ಅದನ್ನು ನೋಡಲು ದುಡ್ಡು ಕೊಡುವವರು ಯಾರೂ ಬರಲಿಲ್ಲ. ಬಂದಿದ್ದರೆ ನಾಲ್ಕು ಬಲೆಯಾದರೂ ದಂಡೆಯಲ್ಲಿ ಉಳಿಯುತ್ತಿದ್ದವೋ ಏನೋ. ನೋಡುವವರ ಕಾಸಿನಲ್ಲಿ ಉಳಿದ ಬಲೆಯನ್ನು ಹಳಿಯುವ ಹಕ್ಕು, ಬಲೆ ಉಳಿಸಿಕೊಳ್ಳದ ಊರಿನವರಾದ ನಮಗೆ ಅಷ್ಟಾಗಿ ಇಲ್ಲ.

ಅಪ್ಪಯ್ಯ ತಾವಾಗಿಯೇ ಜೇಬಿನಿಂದ ಇನ್ನೂರು ರೂಪಾಯಿ ತೆಗೆದುಕೊಟ್ಟರು. ಚೇಟ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿಯಿಂದ ಬೆಳ್ಳಿ ಬಣ್ಣದ ಎರಡು ಸಣ್ಣ ಮೀನು, ಐದಾರು ಚಟ್ಲಿ (ಸಿಗಡಿ) ಎತ್ತಿ, ಕವರಿಗೆ ಹಾಕಿ ಮಗನ ಕೈಗಿಟ್ಟ. ಕೇಳಿರಲಿಲ್ಲ. ಅಪ್ಪಯ್ಯ ತಿರುಗಿ ನನ್ನನ್ನು ನೋಡಿದ ರೀತಿ, ವಾದ ಗೆದ್ದವರದು.

ಊಟದ ಕತೆ ಚುಟುಕಾಗಿ ಮುಗಿಸುತ್ತೇನೆ. ದಡದ ಬಳಿ ಮೀನು ಕೊಂಡರೆ ಅಲ್ಲೇ ಬೇಯಿಸಿ ಕೊಡುವ ಅಂಗಡಿಗಳಿವೆ. ಆ ಮೀನಿನ ಬಹುಪಾಲು ಈ ಬಲೆಗಳದ್ದಲ್ಲ, ತೋಪ್ಪುಂಪಡಿಯಂಥ ಬಂದರುಗಳಿಂದ ಬಂದದ್ದು. ಕರಿಮೀನು ಆರಿಸಿದೆವು, ಕೇರಳದ ರಾಜ್ಯಮೀನು. ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಿದ್ದು ರುಚಿಯಾಗಿಯೇ ಇತ್ತು. ತೂಗುವಾಗ ಹೇಳಿದ ದರ ಒಂದು, ಚೀಟಿಯಲ್ಲಿ ಬಂದ ದರ ಇನ್ನೊಂದು. ಯಜಮಾನರು ಲೆಕ್ಕ ಕೇಳಿದರು, ಅಂಗಡಿಯವನು ಮಸಾಲೆಯ ಲೆಕ್ಕ ಹೇಳಿದ. ಮೊದಲೇ ಎಲ್ಲ ಸೇರಿಸಿ ಎಷ್ಟೆಂದು ಕೇಳಿ ಬರೆಸಿಕೊಳ್ಳಿ, ಹೋಗುವವರಿಗೆ ಇಷ್ಟೇ ನನ್ನ ಕಿವಿಮಾತು.

ಬಿಸಿಲು ಏರಿದ್ದರಿಂದ ಸೇಂಟ್ ಫ್ರಾನ್ಸಿಸ್ ಚರ್ಚಿನ ನೆರಳು ಸೇರಿದೆವು. ಪೋರ್ಚುಗೀಸರು 1503ರಲ್ಲಿ ಮರದಲ್ಲಿ ಕಟ್ಟಿ, 1516ರ ಹೊತ್ತಿಗೆ ಕಲ್ಲು ಗಾರೆಯಲ್ಲಿ ಮತ್ತೆ ಕಟ್ಟಿದ್ದು. 1663ರಲ್ಲಿ ಊರು ಡಚ್ಚರ ಪಾಲಾಯಿತು, 1795ರಲ್ಲಿ ಇಂಗ್ಲಿಷರ ಪಾಲಾಯಿತು, ಚರ್ಚಿನ ಪಂಥವೂ ಒಡೆಯರ ಜೊತೆ ಬದಲಾಯಿತು. 1524ರ ಕ್ರಿಸ್‌ಮಸ್ ಮುನ್ನಾದಿನ ಕೊಚ್ಚಿಯಲ್ಲಿ ಸತ್ತ ವಾಸ್ಕೊ ಡ ಗಾಮನನ್ನು ಹೂತದ್ದು ಇಲ್ಲೇ. ಎಲುಬುಗಳನ್ನು 1539ರಲ್ಲಿ ಪೋರ್ಚುಗಲ್ಲಿಗೆ ಒಯ್ದರು, ಕಲ್ಲು ಮಾತ್ರ ಉಳಿದಿದೆ. ನಾವು ಹೋದದ್ದು 2024ರ ಡಿಸೆಂಬರಿನಲ್ಲಿ, ಆತ ಸತ್ತು ಸರಿಯಾಗಿ ಐದುನೂರು ವರ್ಷಕ್ಕೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಕ್ಕೂ ಈತ ಕಾಲಿಟ್ಟಿದ್ದ ಎಂಬ ಐತಿಹ್ಯ ಇರುವುದರಿಂದ ಅಮ್ಮ ಕಲ್ಲಿನ ಮುಂದೆ, ಊರಿನ ಪರಿಚಯದವರ ಮನೆಗೆ ಹೋದ ಹಾಗೆ, ಒಂದು ಗಳಿಗೆ ನಿಂತರು. ಅಪ್ಪಯ್ಯ ಮೇಲೆ ನೋಡುತ್ತಿದ್ದರು. ಛಾವಣಿಯಿಂದ ಉದ್ದನೆಯ ಬಟ್ಟೆಯ ಪಂಖಗಳು ಇಳಿಬಿದ್ದಿವೆ. ಒಳಗೆ ದೊರೆಗಳು ಪ್ರಾರ್ಥನೆ ಮಾಡುತ್ತಿದ್ದರೆ ಹೊರಗೆ ಕೂತವರು ಹಗ್ಗ ಎಳೆದು ಗಾಳಿ ಬೀಸುತ್ತಿದ್ದರು.

"ಈ ಹಗ್ಗ ಹಿಡ್ದವ್ರಿಗೆ ಎಂತ ಪಾಲ್ ಸಿಕ್ತಿತ್ತೋ" ಎಂದರು.

ಯಹೂದಿಗಳ ಹಳೆಯ ಸಿನಗಾಗಿಗೆ ಶನಿವಾರ ರಜೆ, ನನಗೆ ಮೊದಲೇ ಹೊಳೆಯಬೇಕಿತ್ತು. ಆಟೋ ಹಿಡಿದು ಚೆರ್ಲಾಯಿಗೆ ಹೋದೆವು. ಗೋವೆಯಲ್ಲಿ ಪೋರ್ಚುಗೀಸರ ಕಾಟಕ್ಕೆ ಊರು ಬಿಟ್ಟು ಬಂದ ಗೌಡ ಸಾರಸ್ವತರ ಕೇರಿ, ನಡುವೆ ತಿರುಮಲ ದೇವಸ್ವಂ. ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಮೇಲೆ ಮಾಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಹೊರ್ಟುಸ್ ಮಲಬಾರಿಕಸ್'ಗೆ ನೆರವಾದವರಲ್ಲಿ ಇಟ್ಟಿ ಅಚ್ಯುದನ್ ಎಂಬ ವೈದ್ಯನ ಜೊತೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರಿದ್ದರು. ನಾಗರಿ ಲಿಪಿಯಲ್ಲಿ ಅವರು ಬರೆದುಕೊಟ್ಟ ಪ್ರಮಾಣಪತ್ರ ಆ ಪುಸ್ತಕದಲ್ಲೇ ಅಚ್ಚಾಗಿದೆ. ಗಂಗೊಳ್ಳಿಯ ಖಾರ್ವಿ ಕೇರಿಯ ಪಕ್ಕ ಬೆಳೆದ ಅಮ್ಮನಿಗೆ ಕೊಂಕಣಿ ಬರುತ್ತದೆ. ಹಪ್ಪಳದ ಅಂಗಡಿಯ ಹೆಂಗಸಿನೊಡನೆ ಇಬ್ಬರದೂ ಎರಡು ಬಗೆಯ ಕೊಂಕಣಿಯಲ್ಲಿ ಇಪ್ಪತ್ತು ನಿಮಿಷ ಮಾತಾಯಿತು. ಏನು ಮಾತು ಎಂದು ಕೇಳಿದರೆ, ಉದ್ದಿನ ಬೆಲೆ.

ಮರಳುವಾಗ ಅಪ್ಪಯ್ಯ ಬ್ಯಾಂಕಿನೊಳಗೆ ಕೂರಲು ಒಪ್ಪಲಿಲ್ಲ. ಸರ್ಕಾರದ ಹಳೆಯ ಬೋಟು, ಹತ್ತು ರೂಪಾಯಿಯ ಒಳಗಿನ ಟಿಕೇಟು, ಡೀಸೆಲ್ ವಾಸನೆ, ಮೈಗೆ ಸಿಡಿಯುವ ಉಪ್ಪುನೀರು. ಮಗ ಕವರನ್ನು ಎದೆಗೆ ಅವಚಿಕೊಂಡೇ ಕೂತಿದ್ದ. ಮೂರು ಬಾರಿ ಬಿಚ್ಚಿ ನೋಡಿದ.

ರಾತ್ರಿ ಅಮ್ಮ ಖಾರ ಹಚ್ಚಿ ಕಾವಲಿಗೆ ಹಾಕಿದರು. ಐದು ಜನಕ್ಕೆ ಬೆರಳುದ್ದದ ಎರಡು ಮೀನು, ಐದಾರು ಚಟ್ಲಿ. ಪಾಲು ಮಾಡುವ ಕೆಲಸ ಅಪ್ಪಯ್ಯ ವಹಿಸಿಕೊಂಡರು. ಹಗ್ಗ ಹಿಡಿದವರಿಗೆ ಮೊದಲು ಎಂದು ಮೊಮ್ಮಗನ ತಟ್ಟೆಗೆ ನಡುಭಾಗ ಇಟ್ಟರು, ತಮಗೊಂದು ಬಾಲ. ಖಾರ ಅರೆದವರಿಗೆ ಒಂದು, ಏತ ಬಲ್ಲ ಅಳಿಯನಿಗೆ ಒಂದು. ಆಮೇಲೆ ಒಂದು ತಲೆ, ಒಂದು ಚಟ್ಲಿ ಬೇರೆ ತೆಗೆದಿಟ್ಟು, "ಇದ್ ದೋಣಿ ಪಾಲ್" ಎಂದರು.

"ದೋಣಿ ಯಾರದು ಅಜ್ಜಯ್ಯ?" ಎಂದ ಮಗ.

"ಟಿಕೇಟ್ ತೆಗ್ದದ್ದ್ ಯಾರ್?" ಎಂದು ತಟ್ಟೆಯನ್ನು ನನ್ನ ಕಡೆ ತಳ್ಳಿದರು.